ಆಕಾಶಕ್ಕೂ ಅನುಮತಿ ಬೇಕು

ಹುಬ್ಬಳ್ಳಿಯ ದುರ್ಗದಬೈಲ್ ಬಳಿಯ ಸಹೋದರಿಯೊಬ್ಬರ ಪ್ರಶ್ನೆ: “ನನ್ನ ಮಗಳು ಪಿಯುಸಿ ಮುಗಿಸಿದ್ದಾಳೆ. ಮೈದುನನಿಗೆ ಮದುವೆ ವೀಡಿಯೋ ತೆಗೆಯುವ ಅಂಗಡಿ ಇದೆ. ಅವನ ಡ್ರೋನ್ ನೋಡಿ ಅವಳಿಗೂ ಡ್ರೋನ್ ಪೈಲಟ್ ಪರೀಕ್ಷೆ ಬರೆಯುವ ಆಸೆ ಹುಟ್ಟಿದೆ. ಮನೆಯಲ್ಲಿ ಹಿರಿಯರು ‘ಹುಡುಗಿಗೆ ಇದೆಲ್ಲ ಯಾಕೆ’ ಎನ್ನುತ್ತಾರೆ. ಏನು ಮಾಡಲಿ?”

ಸಹೋದರಿ, ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಆದರೆ ಆ ಮಾತಿಗೇ ಹೆದರಿ ಮಗಳ ಆಸೆಯನ್ನು ಮುಚ್ಚಿಡಲೂ ಬೇಡಿ. ಮೊದಲು ವಿಷಯವೇನೆಂದು ತಿಳಿದುಕೊಳ್ಳಿ, ಆಮೇಲೆ ಮನೆಯವರೊಂದಿಗೆ ಕುಳಿತು ಮಾತಾಡಿ. ಅರ್ಧಂಬರ್ಧ ತಿಳುವಳಿಕೆಯಿಂದ ಕೊಡುವ ಒಪ್ಪಿಗೆ, ನಿರಾಕರಣೆ ಎರಡೂ ಮಕ್ಕಳಿಗೆ ಅನ್ಯಾಯವೇ.

ಪರೀಕ್ಷೆ ಎಂದರೇನು?

ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವುದು 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು. ಹಿಂದೆ ‘ಲೈಸೆನ್ಸ್’ ಎನ್ನುತ್ತಿದ್ದುದನ್ನು 2022ರ ಫೆಬ್ರವರಿಯ ತಿದ್ದುಪಡಿಯ ನಂತರ ‘ರಿಮೋಟ್ ಪೈಲಟ್ ಸರ್ಟಿಫಿಕೇಟ್’ ಎಂದು ಕರೆಯಲಾಗುತ್ತಿದೆ. ಇದಕ್ಕೆ 18ರಿಂದ 65 ವರ್ಷದೊಳಗಿನ ವಯಸ್ಸು ಮತ್ತು ಹತ್ತನೇ ತರಗತಿ ಪಾಸಾಗಿರುವುದು ಸಾಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮಾನ್ಯತೆ ಕೊಟ್ಟ ಸಂಸ್ಥೆಯಲ್ಲಿ ತರಬೇತಿ ಪಡೆದು ಅಲ್ಲಿಯೇ ಪರೀಕ್ಷೆ ಪಾಸಾಗಬೇಕು. ಸರ್ಟಿಫಿಕೇಟ್ ಹತ್ತು ವರ್ಷ ನಡೆಯುತ್ತದೆ.

ಮೊದಲು ಇದಕ್ಕೆ ಪಾಸ್‌ಪೋರ್ಟ್ ಬೇಕಿತ್ತು. ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಅಲ್ಲಿಗೇ ನಿಲ್ಲಬೇಕಾಗುತ್ತಿತ್ತು. 2023ರ ಸೆಪ್ಟೆಂಬರ್‌ನ ತಿದ್ದುಪಡಿ ಆ ಷರತ್ತನ್ನು ತೆಗೆದುಹಾಕಿದೆ. ಮತದಾರರ ಚೀಟಿ, ರೇಷನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್‌ನಂತಹ ಸರಕಾರಿ ದಾಖಲೆಗಳು ನಡೆಯುತ್ತವೆ. ದಾಖಲೆಗಳಲ್ಲಿ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂದು ಈಗಲೇ ನೋಡಿಕೊಳ್ಳಿ. ಒಂದರಲ್ಲಿ ‘ಬೀ’, ಇನ್ನೊಂದರಲ್ಲಿ ‘ಬೇಗಂ’ ಎಂದಿದ್ದರೆ ಮೊದಲು ಸರಿಪಡಿಸಿ.

ಎಲ್ಲ ಡ್ರೋನ್‌ಗೂ ಈ ಸರ್ಟಿಫಿಕೇಟ್ ಬೇಕಿಲ್ಲ. 250 ಗ್ರಾಂವರೆಗಿನದು ‘ನ್ಯಾನೋ’, ಅದಕ್ಕೆ ಬೇಡ. 250 ಗ್ರಾಂನಿಂದ 2 ಕಿಲೋವರೆಗಿನದು ‘ಮೈಕ್ರೋ’, ಹವ್ಯಾಸಕ್ಕಾದರೆ ಬೇಡ, ದುಡಿಮೆಗಾದರೆ ಬೇಕು. 2ರಿಂದ 25 ಕಿಲೋವರೆಗಿನದು ‘ಸ್ಮಾಲ್’. ಹೊಲಕ್ಕೆ ಔಷಧಿ ಸಿಂಪಡಿಸುವ ಹತ್ತು ಲೀಟರ್ ಟ್ಯಾಂಕಿನ ಡ್ರೋನ್‌ಗಳು ಸಾಮಾನ್ಯವಾಗಿ ಈ ಗುಂಪಿನವು. ಯಾವ ಗುಂಪಿಗೆ ತರಬೇತಿ ಪಡೆದಳೋ ಅದನ್ನು ಮಾತ್ರ ಹಾರಿಸಬಹುದು. ಆದ್ದರಿಂದ ಮಗಳು ಮುಂದೆ ಏನು ಮಾಡಬೇಕೆಂದಿದ್ದಾಳೆ ಎಂಬುದನ್ನು ಫೀಸು ಕಟ್ಟುವ ಮೊದಲೇ ಕೇಳಿ.

ಓದುವುದೇನು?

ಪಾಠದಲ್ಲಿ ಕಾನೂನು, ಹಾರಾಟದ ತತ್ವ, ಹವಾಮಾನ, ಬ್ಯಾಟರಿ ಮತ್ತು ಯಂತ್ರದ ನಿರ್ವಹಣೆ, ತುರ್ತು ಸಂದರ್ಭ ನಿಭಾಯಿಸುವುದು, ವಿಮಾನ ಸಂಚಾರ ನಿಯಂತ್ರಣದೊಂದಿಗೆ ಮಾತಾಡುವ ರೀತಿ ಎಲ್ಲವೂ ಇರುತ್ತವೆ. ನಂತರ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್ ಅಭ್ಯಾಸ, ಕೊನೆಗೆ ಮೈದಾನದಲ್ಲಿ ಹಾರಾಟ. ಕೋರ್ಸ್ ಕೆಲವೇ ದಿನಗಳದ್ದು. ಹಾಗಾಗಿ ಅಲ್ಲಿಗೆ ಹೋದ ಮೇಲೆ ಓದುತ್ತೇನೆ ಎಂದರೆ ಆಗದು. ಮನೆಯಲ್ಲೇ ಒಂದು ತಿಂಗಳು ತಯಾರಿ ಮಾಡಲಿ.

ಕಾನೂನಿನ ಭಾಗವನ್ನು ಬಾಯಿಪಾಠ ಮಾಡುವ ಬದಲು ತಮ್ಮ ಊರಿಗೆ ಹೊಂದಿಸಿ ಓದಿದರೆ ಮರೆಯುವುದಿಲ್ಲ. ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಲಾಗಿದೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಮುಂಗಡ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಈ ಮಿತಿ 200 ಅಡಿಗೆ ಇಳಿಯುತ್ತದೆ. 8 ಕಿ.ಮೀ. ಒಳಗೆ ಬಂದರೆ ಅನುಮತಿಯಿಲ್ಲದೆ ನೆಲದಿಂದ ಮೇಲೆ ಏಳಿಸುವಂತೆಯೇ ಇಲ್ಲ. ಇನ್ನು ಕೆಂಪು ವಲಯಕ್ಕೆ ಕೇಂದ್ರ ಸರಕಾರದ ಒಪ್ಪಿಗೆಯೇ ಬೇಕು.

ಈಗ ಮಗಳಿಗೆ ಒಂದು ಪ್ರಶ್ನೆ ಕೇಳಿ: ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ದುರ್ಗದಬೈಲಿಗೆ ನೇರ ಗೆರೆ ಎಳೆದರೆ ಎಷ್ಟು ದೂರ? 8 ಕಿ.ಮೀ. ಕೂಡ ಆಗುವುದಿಲ್ಲ. ಅಂದರೆ ಜವಳಿ ಸಾಲಿನಲ್ಲೋ ಷಾ ಬಜಾರಿನಲ್ಲೋ ಮದುವೆ ಮೆರವಣಿಗೆಯ ಮೇಲೆ ಡ್ರೋನ್ ಹಾರಿಸಬೇಕಾದರೆ ಮೊದಲು ಡಿಜಿಟಲ್ ಸ್ಕೈ ನಕ್ಷೆ ನೋಡಿ ಅನುಮತಿ ಕೇಳಬೇಕು. ನಿಯಮ ಮುರಿದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

ಇನ್ನೊಂದು ಗೊಂದಲ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ನಿಯಮದ 400 ಅಡಿಯನ್ನು ಅಳೆಯುವುದು ಸಮುದ್ರದಿಂದಲ್ಲ, ಕೆಳಗಿನ ನೆಲದಿಂದ. ಈ ಎರಡು ಎತ್ತರಗಳ ವ್ಯತ್ಯಾಸ ತಿಳಿದಿರಲಿ.

ಬ್ಯಾಟರಿಯ ಪಾಠವನ್ನು ತಾಯಂದಿರೂ ಓದಬೇಕು. ಡ್ರೋನ್‌ನ ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದೊಂದು ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. ಬಳಸದೆ ಇಡುವಾಗ ಸುಮಾರು 3.8ಕ್ಕೆ ಇಳಿಸಿಡಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ರಾತ್ರಿ ಚಾರ್ಜಿಗಿಟ್ಟು ಮಲಗುವುದು, ಅಡುಗೆಮನೆಯಲ್ಲಿ ಒಲೆಯ ಹತ್ತಿರ ಇಡುವುದು ಬೆಂಕಿಗೆ ಆಹ್ವಾನ. ಮೈದಾನದಲ್ಲಿ ಅಭ್ಯಾಸ ಮಾಡುವಾಗ ಓಢಣಿ, ಬುರ್ಖಾದ ಅಂಚನ್ನು ಪಿನ್ ಹಾಕಿ ಭದ್ರಪಡಿಸಿಕೊಳ್ಳಲಿ. ಇದರಿಂದ ಹಿಜಾಬಿಗೂ ತೊಂದರೆಯಿಲ್ಲ, ತಿರುಗುವ ರೆಕ್ಕೆಗೆ ಬಟ್ಟೆ ಸಿಕ್ಕಿಕೊಳ್ಳುವ ಭಯವೂ ಇಲ್ಲ.

ಮೋಸ ಹೋಗಬೇಡಿ

ಈ ಕೋರ್ಸಿನ ಫೀಸು ಹತ್ತಾರು ಸಾವಿರ ರೂಪಾಯಿ. ಆದ್ದರಿಂದಲೇ ‘ಎರಡು ದಿನದಲ್ಲಿ ಸರ್ಟಿಫಿಕೇಟ್’ ಎನ್ನುವವರೂ ಹುಟ್ಟಿಕೊಳ್ಳುತ್ತಾರೆ. ಡಿಜಿಸಿಎ ಪಟ್ಟಿಯಲ್ಲಿ ಸಂಸ್ಥೆಯ ಹೆಸರಿಲ್ಲದಿದ್ದರೆ ಅಲ್ಲಿನ ಸರ್ಟಿಫಿಕೇಟ್ ಬರೀ ಕಾಗದ. ವಸತಿ ಹೇಗಿದೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ ಇದೆಯೇ, ಪ್ರತಿಯೊಬ್ಬರಿಗೂ ಎಷ್ಟು ಹೊತ್ತು ಹಾರಾಟದ ಅವಕಾಶ ಸಿಗುತ್ತದೆ ಎಂದು ಕೇಳಿ ತಿಳಿಯಿರಿ. ಬಡ್ಡಿಸಾಲ ಮಾಡಿ ಸೇರಿಸುವ ಆತುರ ಬೇಡ. ಒಂದು ವರ್ಷ ಕೂಡಿಟ್ಟು ಕಳಿಸಿದರೆ ಏನೂ ಕಳೆದುಹೋಗದು.

ನಿಮ್ಮ ಮೈದುನನ ಅಂಗಡಿಯ ಡ್ರೋನ್ ಬಗ್ಗೆ ಒಂದು ಮಾತು. ಡ್ರೋನ್‌ಗೂ ವಾಹನದಂತೆ ನೋಂದಣಿ ಸಂಖ್ಯೆ ಬೇಕು. ನ್ಯಾನೋ ಬಿಟ್ಟು ಉಳಿದವಕ್ಕೆ ವಿಮೆಯೂ ಬೇಕು. 2022ರ ಫೆಬ್ರವರಿಯಿಂದ ವಿದೇಶದ ಡ್ರೋನ್ ಆಮದು ನಿಷೇಧಿಸಲಾಗಿದೆ. ಬಿಲ್ಲಿಲ್ಲದೆ, ನೋಂದಣಿಯಿಲ್ಲದೆ ಕೊಂಡ ಯಂತ್ರವನ್ನು ಮಗಳ ಸರ್ಟಿಫಿಕೇಟ್ ಸಕ್ರಮಗೊಳಿಸುವುದಿಲ್ಲ. ಹಲಾಲ್ ಸಂಪಾದನೆ ಎಂದರೆ ಇದೂ ಸೇರಿ. ಮಗಳನ್ನು ಅಂಥ ಕೆಲಸಕ್ಕೆ ಹಚ್ಚುವ ಮೊದಲು ಮೈದುನನೊಂದಿಗೆ ಸಮಾಧಾನದಿಂದ ಮಾತಾಡಿ.

ಹುಡುಗಿಗೆ ಯಾಕೆ?

ಮದುವೆ ವೀಡಿಯೋ ಒಂದೇ ದಾರಿಯಲ್ಲ. ಹಳ್ಳಿಗಳ ಮನೆ ಜಾಗದ ಅಳತೆಗಾಗಿ 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅಲ್ಲಿ ಅಳತೆ ನಡೆದದ್ದು ಡ್ರೋನ್‌ನಿಂದ. 2023ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ನಮೋ ಡ್ರೋನ್ ದೀದಿ’ ಯೋಜನೆ 15,000 ಮಹಿಳಾ ಸ್ವಸಹಾಯ ಗುಂಪುಗಳಿಗಾಗಿ ರೂಪಿಸಿದ್ದು. 2023-24ರಿಂದ 2025-26ರ ಅವಧಿಗೆ 1,261 ಕೋಟಿ ರೂಪಾಯಿ ನಿಗದಿಯಾಗಿತ್ತು. ಗುಂಪಿನ ಒಬ್ಬ ಸದಸ್ಯೆಗೆ 15 ದಿನಗಳ ತರಬೇತಿ. ಅದರಲ್ಲಿ 5 ದಿನ ಪೈಲಟ್ ಪಾಠ, 10 ದಿನ ಗೊಬ್ಬರ ಮತ್ತು ಕೀಟನಾಶಕ ಸಿಂಪಡಣೆಯ ಪಾಠ. ಇದು ಹೆಣ್ಣಿನ ಕೈಯಲ್ಲಾಗದ ಕೆಲಸವಾಗಿದ್ದರೆ ಇಂಥ ಯೋಜನೆಯೇ ಬರುತ್ತಿರಲಿಲ್ಲ. ಕುಂದಗೋಳ, ನವಲಗುಂದದ ಕಡೆ ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಬಂಧುಗಳ ಹೊಲಗಳೂ ಇವೆಯಲ್ಲ!

ಒಂಬತ್ತನೇ ಶತಮಾನದಲ್ಲಿ ಸ್ಪೇನಿನ ಕುರ್ತುಬಾದಲ್ಲಿದ್ದ ಅಬ್ಬಾಸ್ ಇಬ್ನ್ ಫಿರ್ನಾಸ್ ರೆಕ್ಕೆ ಕಟ್ಟಿಕೊಂಡು ಹಾರಲು ಯತ್ನಿಸಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ರೆಕ್ಕೆ ಹರಡಿ ಮಡಚುವ ಹಕ್ಕಿಗಳನ್ನು ನೋಡಿ ಚಿಂತಿಸಲು ಪವಿತ್ರ ಕುರ್‌ಆನ್‌ನ ಅಲ್-ಮುಲ್ಕ್ ಅಧ್ಯಾಯ ಕರೆ ಕೊಡುತ್ತದೆ. ಆ ಕರೆ ಗಂಡಿಗೆ ಮಾತ್ರ ಎಂದು ಎಲ್ಲಿದೆ?

ಕಣ್ಣಿನ ಅಮಾನತ್ತು

ಹಿರಿಯರ ಆತಂಕಕ್ಕೆ ನಿಜವಾದ ಒಂದು ಕಾರಣವಿದ್ದರೆ ಅದು ಹುಡುಗಿ ಹಾರಿಸುವುದಲ್ಲ, ಕ್ಯಾಮೆರಾ. ದುರ್ಗದಬೈಲಿನ ಸುತ್ತಲಿನ ಓಣಿಗಳಲ್ಲಿ ಮಾಳಿಗೆಗೆ ಮಾಳಿಗೆ ಅಂಟಿಕೊಂಡಿದೆ. ಹಪ್ಪಳ ಒಣಹಾಕುವ, ತಲೆಗೂದಲು ಆರಿಸಿಕೊಳ್ಳುವ ಹೆಂಗಸರಿಗೆ ಅದೇ ಅಂಗಳ. ಪರರ ಮನೆಯೊಳಗೆ ಅನುಮತಿಯಿಲ್ಲದೆ ಕಾಲಿಡಬಾರದೆಂದು ಅನ್ನೂರ್ ಅಧ್ಯಾಯವೂ, ಪರರ ಗುಟ್ಟು ಹುಡುಕಬಾರದೆಂದು ಅಲ್-ಹುಜುರಾತ್ ಅಧ್ಯಾಯವೂ ಕಲಿಸುತ್ತವೆ. ಕಾಲಿಗೆ ಇರುವ ನಿಯಮ ಕಣ್ಣಿಗೂ ಇದೆ, ಆ ಕಣ್ಣು ಡ್ರೋನ್‌ನಲ್ಲಿದ್ದರೂ ಸರಿಯೇ.

ಹೆಂಗಸರ ಮಜ್ಲಿಸ್ ಇರುವ ಕಡೆ ಕ್ಯಾಮೆರಾ ತಿರುಗಿಸಬಾರದು, ನೆರೆಯವರಿಗೆ ಮೊದಲೇ ತಿಳಿಸಬೇಕು, ತಪ್ಪಿ ಸೆರೆಯಾದುದನ್ನು ಅಳಿಸಬೇಕು ಎಂಬುದನ್ನು ಬೇರೆಯವರಿಗಿಂತ ನಿಮ್ಮ ಮಗಳು ಚೆನ್ನಾಗಿ ಬಲ್ಲಳು. ಆ ಮಾಳಿಗೆಯ ಬಿಸಿಲಲ್ಲಿ ಬೆಳೆದವಳು ಅವಳು. ಆ ಯಂತ್ರ ಇಂಥ ಕೈಯಲ್ಲಿರುವುದೇ ಓಣಿಗೂ ಒಳ್ಳೆಯದು. ಹಿರಿಯರಿಗೆ ಈ ಮಾತನ್ನೇ ಹೇಳಿ ನೋಡಿ.

ದಾಖಲೆ ಸರಿಪಡಿಸಿ, ಡಿಜಿಸಿಎ ಪಟ್ಟಿ ನೋಡಿ, ಮನೆಯವರ ಒಪ್ಪಿಗೆ ಪಡೆಯಿರಿ. ನಿಯಮಗಳು ಆಗಾಗ ಬದಲಾಗುವುದರಿಂದ ಸೇರುವ ಮುನ್ನ ಇನ್ನೊಮ್ಮೆ ವಿಚಾರಿಸಿಕೊಳ್ಳಿ. ಉಳಿದದ್ದು ಮಗಳ ಪರಿಶ್ರಮ. ಅಲ್ಲಾಹನು ಅವಳಿಗೆ ಯಶಸ್ಸನ್ನೂ ದೃಷ್ಟಿಯ ಶುದ್ಧಿಯನ್ನೂ ಕರುಣಿಸಲಿ, ಆಮೀನ್.