ಹೊಸ ಯಂತ್ರ, ಹಳೆಯ ಆಟ

ಗ್ರಾಮಫೋನಿನ ಕಾಲವನ್ನು ಕಂಡ ಮನೆಗಳಿಗೆ ಈ ಪೇಚು ಹೊಸದಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳನ್ನು ಪೆಟ್ಟಿಗೆಗಟ್ಟಲೆ ಕೂಡಿಹಾಕಿದ್ದವರು, 33 ಸುತ್ತಿನ ತಟ್ಟೆ ಬಂದಾಗ ಎರಡನ್ನೂ ನುಡಿಸಬಲ್ಲ ಯಂತ್ರವನ್ನೇ ಹುಡುಕಿದರು. ವೇಗ ಬದಲಿಸಲು ಒಂದು ಕೀಲು, ತಿರುಗಿಸಿ ಹಾಕಲು ಒಂದು ಮುಳ್ಳು, ಇಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಇಂದು ಮಕ್ಕಳ ಕೈಯಲ್ಲಿರುವ ವಿಡಿಯೋ ಆಟದ ಯಂತ್ರಗಳು ಅಷ್ಟು ಸುಲಭಕ್ಕೆ ಒಲಿಯುವುದಿಲ್ಲ. ಹಳೆಯ ಆಟವು ಹಳೆಯ ಚಿಪ್ಪಿನ ಭಾಷೆಯನ್ನಷ್ಟೇ ಬಲ್ಲದು.

ಸೋನಿ ಸಂಸ್ಥೆಯವರು 2000ದಲ್ಲಿ ಪ್ಲೇಸ್ಟೇಷನ್ 2 ಹೊರತಂದಾಗ ಒಂದು ಜಾಣತನ ಮಾಡಿದರು. ಮೊದಲನೆಯ ಯಂತ್ರದ ಮುಖ್ಯ ಚಿಪ್ಪನ್ನೇ ಹೊಸದರೊಳಗೆ ಇರಿಸಿ, ಕೈಗುಂಡಿಗಳ ಸಂದೇಶ ತಲುಪಿಸುವಂಥ ಚಿಲ್ಲರೆ ಕೆಲಸಗಳಿಗೆ ಹಚ್ಚಿದರು. ಹಿಂದೆ ಯಜಮಾನಿಕೆ ನಡೆಸಿದ ಹಿರಿಯರು ಮಗನ ಮನೆಯಲ್ಲಿ ಬಾಗಿಲು ನೋಡಿಕೊಳ್ಳುವಂತೆ ಅದು ಸುಮ್ಮನೆ ದುಡಿಯುತ್ತಿತ್ತು; ಹಳೆಯ ಆಟದ ತಟ್ಟೆ ಒಳಗೆ ಬಂದೊಡನೆ ಮತ್ತೆ ಯಜಮಾನಿಕೆ ವಹಿಸಿಕೊಳ್ಳುತ್ತಿತ್ತು!

2006ರ ಪ್ಲೇಸ್ಟೇಷನ್ 3ರಲ್ಲಿಯೂ ಮೊದಮೊದಲು ಹಿಂದಿನ ಯಂತ್ರದ ಚಿಪ್ಪುಗಳಿದ್ದವು. ಆದರೆ ಅಮೆರಿಕದಲ್ಲಿ ಅದರ ದೊಡ್ಡ ಮಾದರಿಯ ಬೆಲೆ 599 ಡಾಲರು. ಮಾರನೆಯ ವರ್ಷ 399 ಡಾಲರಿನ ಅಗ್ಗದ ಮಾದರಿ ಬಂದಾಗ ಆ ಚಿಪ್ಪುಗಳು ಮಾಯವಾಗಿದ್ದವು. ಮುಂದೆ 2013ರ ಪ್ಲೇಸ್ಟೇಷನ್ 4ರ ಒಳರಚನೆಯೇ ಬೇರೆಯಾದುದರಿಂದ ಮೂರನೆಯದರ ತಟ್ಟೆಗಳು ಅದರಲ್ಲಿ ನಡೆಯಲಿಲ್ಲ. ಕಾಸು ಕೊಟ್ಟು ಕೊಂಡ ಗೃಹಸ್ಥನು ಯಾರನ್ನು ಕೇಳಬೇಕು?

ಇತ್ತೀಚಿನ ನಿದರ್ಶನವೆಂದರೆ ನಿಂಟೆಂಡೊ ಸಂಸ್ಥೆಯ ಸ್ವಿಚ್ 2. 2025ರ ಜೂನ್ 5ರಂದು ಬಂದ ಈ ಯಂತ್ರದಲ್ಲಿ ಮೊದಲನೆಯ ಸ್ವಿಚ್ಚಿನ ಆಟಗಳು ಬಹುಮಟ್ಟಿಗೆ ನಡೆಯುತ್ತವೆ. ಚಿಪ್ಪು ಬದಲಾಗಿರುವುದರಿಂದ, ಆಟ ಸಾಗುತ್ತಿರುವಂತೆಯೇ ಹಳೆಯ ಭಾಷೆಯನ್ನು ಹೊಸದಕ್ಕೆ ತರ್ಜುಮೆ ಮಾಡುವ ವ್ಯವಸ್ಥೆ ಇದರಲ್ಲಿದೆ. ಇದು ಮೆಚ್ಚತಕ್ಕದ್ದೇ. ಆದರೆ ಅದಕ್ಕೂ ಹಿಂದಿನ, 2001ರ ಗೇಮ್‌ಕ್ಯೂಬ್ ಯಂತ್ರದ ಆಟಗಳು ಬೇಕಾದರೆ ವರ್ಷದ ಚಂದಾ ಕಟ್ಟಬೇಕು. ಅದೂ ಸಂಸ್ಥೆ ಆಯ್ದುಕೊಟ್ಟ ಕೆಲವು ಮಾತ್ರ. ಮನೆಯ ಕಪಾಟಿನಲ್ಲಿ ಅದೇ ಆಟದ ತಟ್ಟೆ ಇದ್ದರೂ ರಿಯಾಯಿತಿಯಿಲ್ಲ. ಚಂದಾ ನಿಂತರೆ ಆಟವೂ ನಿಂತಿತು. ವಾಚನಾಲಯದ ಪುಸ್ತಕದಂತೆ ಎನ್ನೋಣವೆಂದರೆ, ವಾಚನಾಲಯದವರು ನಮ್ಮ ಮನೆಯ ಪುಸ್ತಕಕ್ಕೆ ಬೀಗ ಹಾಕುವುದಿಲ್ಲವಷ್ಟೆ!

ಇನ್ನೊಂದು ಸಂಗತಿ ನಮಗೆ ಹೆಚ್ಚು ಕಳವಳ ಹುಟ್ಟಿಸಿದೆ. ಸ್ವಿಚ್ 2ರ ಕೆಲವು ಆಟಗಳ ಪೆಟ್ಟಿಗೆಯೊಳಗಿನ ಕಾರ್ಡಿನಲ್ಲಿ ಆಟವೇ ಇರುವುದಿಲ್ಲ, ಬರಿಯ ಕೀಲಿ ಇರುತ್ತದೆ. ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಅಂಥ ಉಗ್ರಾಣದ ಬಾಗಿಲು ಎಂದೆಂದಿಗೂ ತೆರೆದಿರುವುದೆಂಬ ಭರವಸೆ ಎಲ್ಲಿದೆ? ಇದೇ ಸಂಸ್ಥೆ ತನ್ನ ವೀ ಯು ಮತ್ತು 3ಡಿಎಸ್ ಯಂತ್ರಗಳ ಮಳಿಗೆಯಲ್ಲಿ 2023ರ ಮಾರ್ಚಿಯಲ್ಲಿ ಮಾರಾಟ ನಿಲ್ಲಿಸಿತು. ಮೊದಲೇ ಕೊಂಡಿದ್ದವರಿಗೆ ಮತ್ತೆ ಇಳಿಸಿಕೊಳ್ಳುವ ಅವಕಾಶವನ್ನೇನೋ ಉಳಿಸಿದೆ. ಅಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳನ್ನು ಹೊಸಬರು ಇನ್ನು ಕೊಳ್ಳುವಂತಿಲ್ಲ. ಅದೇ ವರ್ಷ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮುಂಚೆ ಹೊರಬಂದ ಆಟಗಳಲ್ಲಿ ಶೇಕಡ 87ರಷ್ಟು ಇಂದು ಮಾರಾಟದಲ್ಲಿಲ್ಲ.

ಹೊಸ ಯಂತ್ರ ಕೊಳ್ಳಲು ಹೊರಟ ತಂದೆತಾಯಿಗಳಿಗೆ ಒಂದು ವಿಜ್ಞಾಪನೆ: ನಡೆಯುವ ಹಾಗೂ ನಡೆಯದ ಹಳೆಯ ಆಟಗಳ ಪಟ್ಟಿಯನ್ನು ಸಂಸ್ಥೆಯವರೇ ಪ್ರಕಟಿಸಿದ್ದಾರೆ, ಅದನ್ನು ಮೊದಲು ನೋಡಿರಿ. ಮಗು ವರ್ಷಗಟ್ಟಲೆ ಆಡಿ ಗಳಿಸಿದ ದಾಖಲೆಗಳು ಹೊಸದಕ್ಕೆ ಸಾಗಿ ಬಂದಿವೆಯೆಂದು ಖಚಿತವಾಗುವವರೆಗೆ ಹಳೆಯ ಯಂತ್ರವನ್ನು ಯಾರಿಗೂ ಕೊಟ್ಟುಬಿಡಬೇಡಿರಿ.