ಅಳಿಯನ ಲಂಗ

ಹೋದ ವಾರ ಹಿರಿಯೂರಿಗೆ ಹೋಗಿದ್ದೆ. ಅಕ್ಕನ ಮಗನಿಗೆ ಆರು ವರ್ಷ. ಅವನ ಅಕ್ಕನ ಲಂಗ ಹಾಕ್ಕೊಂಡು ಹಾಲ್‌ನಲ್ಲಿ ಗಿರಗಿರ ತಿರುಗ್ತಿದ್ದ. ಭಾವ ಬಂದವರೇ ಕಪಾಳಕ್ಕೊಂದು ಬಿಟ್ಟರು. ನಾನು ಲ್ಯಾಪ್‌ಟಾಪ್ ನೋಡ್ತಾ ಸುಮ್ಮನೆ ಕೂತಿದ್ದೆ. ಆ ನಾಚಿಕೆಗೇ ಇದನ್ನ ಬರೀತಿದೀನಿ.

ಬಯಲಾಟದಲ್ಲಿ ಗಂಡಸು ಸೀರೆ ಉಟ್ಟು ಕುಣಿದರೆ ಇದೇ ಭಾವ ಶಿಳ್ಳೆ ಹೊಡೀತಾರೆ!

ಆಗ ನೆನಪಾದವರು ಮಂಜಮ್ಮ ಜೋಗತಿ. ಪಕ್ಕದ ಬಳ್ಳಾರಿ ಜಿಲ್ಲೆಯವರು, ಹುಟ್ಟಿದಾಗಿನ ಹೆಸರು ಮಂಜುನಾಥ ಶೆಟ್ಟಿ. ಚಿಕ್ಕವರಿದ್ದಾಗ ಟವೆಲ್ಲನ್ನೇ ಲಂಗದ ಥರ ಸುತ್ತಿಕೊಳ್ತಿದ್ದರಂತೆ. ಮನೇಲಿ ಹೊಡೆತ ತಿಂದರು, ವಿಷ ಕುಡಿದು ಬದುಕುಳಿದರು. ಅದೇ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಚಪ್ಪಾಳೆಗೆ ಪದ್ಮಶ್ರೀವರೆಗೂ ಕಾಯಬೇಕಿತ್ತಾ?

ಲಂಗ ಹಾಕಿದ ಹುಡುಗರೆಲ್ಲ ಮಂಜಮ್ಮನ ಹಾಗೆ ಅಂತ ನಾನು ಹೇಳ್ತಿಲ್ಲ. ಎಷ್ಟೋ ಮಕ್ಕಳಿಗೆ ಅದು ಬರೀ ಆಟ, ನಾಳೆ ಮರೀತಾರೆ. ಕೆಲವರಿಗೆ ಅದು ಹುಟ್ಟುಗುಣ. ಆಟವಾದರೆ ಹೊಡೆಯೋ ಅಗತ್ಯವೇ ಇಲ್ಲ. ಹುಟ್ಟುಗುಣವಾದರೆ ಹೊಡೆದರೂ ಹೋಗಲ್ಲ. ಹೊಡೆತದಿಂದ ಮಗು ಕಲಿಯೋದು ಒಂದೇ... ಮನೆಯವರಿಂದ ಬಚ್ಚಿಡೋದು.

ರಾತ್ರಿ ಊಟ ಆದಮೇಲೆ ಧೈರ್ಯ ಮಾಡಿ ಹೇಳಿದೆ: "ಭಾವ, ಊರೋರು ಆಡಿಕೊಂಡರೆ ಅವನು ನಿಮ್ಮ ಹತ್ರ ಓಡಿ ಬರ್ತಾನೆ. ನೀವೇ ಹೊಡೆದರೆ ಯಾರ ಹತ್ರ ಹೋಗ್ಬೇಕು?"

ಭಾವ ಉತ್ತರ ಕೊಡಲಿಲ್ಲ, ಎದ್ದೂ ಹೋಗಲಿಲ್ಲ. ಸದ್ಯಕ್ಕೆ ನನಗೆ ಅಷ್ಟೇ ಸಾಕು.

ನಿಮ್ಮ ಮನೇಲಾದರೆ ಏನು ಮಾಡ್ತಿದ್ರಿ?