ಸ್ಕ್ಯಾನರ್‌ಗೆ ಕಂಡವರು ಸಮೀಕ್ಷೆಗೂ ಕಾಣಲಿ: ಮಾರತ್ತಹಳ್ಳಿಯ ಸಣ್ಣ ವ್ಯಾಪಾರಿಗಳ ಮನವಿ ಪತ್ರ

ಇವರಿಗೆ,
ಮಾನ್ಯ ಆಯುಕ್ತರು ಹಾಗೂ ಪಟ್ಟಣ ವ್ಯಾಪಾರ ಸಮಿತಿಯ ಅಧ್ಯಕ್ಷರು,
ಬೆಂಗಳೂರು ಪೂರ್ವ ನಗರ ಪಾಲಿಕೆ

ವಿಷಯ: ಮಾರತ್ತಹಳ್ಳಿ ಭಾಗದ ಬೀದಿಬದಿ ವ್ಯಾಪಾರಿಗಳು ಮತ್ತು ಸಣ್ಣ ಅಂಗಡಿಕಾರರ ಸಮೀಕ್ಷೆ, ವ್ಯಾಪಾರ ಪ್ರಮಾಣಪತ್ರ, ಸಾಲ ಹಾಗೂ ಮೆಟ್ರೊ ಕಾಮಗಾರಿ ಕಾಲದ ನೆರವಿನ ಬಗ್ಗೆ.

ಮಾನ್ಯರೇ,

ಮಾರತ್ತಹಳ್ಳಿ ಸೇತುವೆಯ ಆಸುಪಾಸಿನಲ್ಲಿ ಬೆಳಗಿನ ಜಾವ ಮೊದಲು ಹೊತ್ತುವುದು ಇಡ್ಲಿ ಗಾಡಿಯ ಒಲೆ. ರಾತ್ರಿ ಪಾಳಿ ಮುಗಿಸಿದ ಕ್ಯಾಬ್ ಚಾಲಕರು, ಟೆಕ್ ಪಾರ್ಕ್ ಕಾಯುವ ಸೆಕ್ಯುರಿಟಿಯವರು, ಪಿ.ಜಿ.ಗಳಲ್ಲಿದ್ದುಕೊಂಡು ಸಾಫ್ಟ್‌ವೇರ್ ತರಬೇತಿಗೆ ಓಡುವ ಹುಡುಗ ಹುಡುಗಿಯರು ಅಲ್ಲಿಯೇ ನಿಂತು ತಿಂದು ಹೋಗುತ್ತಾರೆ. ಬಿಸಿಲು ಏರುವ ಹೊತ್ತಿಗೆ ಎಳನೀರು, ಕಬ್ಬಿನ ಹಾಲು. ಸಂಜೆಗೆ ಗೋಬಿ, ಎಗ್ ರೈಸ್, ಮೊಮೊ. ಅವುಗಳ ಹಿಂದೆ ಒಂದೊಂದು ಶಟರ್‌ನ ಅಂಗಡಿಗಳ ಸಾಲು: ಮೊಬೈಲ್ ರಿಪೇರಿ, ಟೈಲರ್, ಜೆರಾಕ್ಸ್, ದಿನಸಿ. ಈ ಮನವಿ ಅವರೆಲ್ಲರದು.

ಇವರಿಗಾಗಿ ಯೋಜನೆಗಳು ಇಲ್ಲವೆಂದಲ್ಲ. ಕೇಂದ್ರದ ಮುದ್ರಾ 2015ರಲ್ಲಿ ಬಂತು. ಬೀದಿಬದಿಯವರಿಗೆ ಬಡ್ಡಿಯಿಲ್ಲದ ಸಾಲ ಕೊಡುವ ರಾಜ್ಯದ ಬಡವರ ಬಂಧು 2018ರಲ್ಲಿ, ಪಿಎಂ ಸ್ವನಿಧಿ 2020ರಲ್ಲಿ ಬಂದವು. ಸ್ವನಿಧಿಯ ಅವಧಿ ಈಗ 2030ರ ಮಾರ್ಚ್‌ವರೆಗೆ ಮುಂದುವರಿದಿದೆ. ಮೊದಲ ಕಂತು 10,000ದಿಂದ 15,000 ರೂಪಾಯಿಗೆ, ಎರಡನೆಯದು 25,000ಕ್ಕೆ ಏರಿದೆ, ಮೂರನೆಯದು 50,000. ಸಕಾಲಕ್ಕೆ ತೀರಿಸಿದವರಿಗೆ ಶೇ 7ರ ಬಡ್ಡಿ ಸಹಾಯಧನವೂ ಇದೆ. ಆದರೆ ಈ ಸಾಲದ ಬಾಗಿಲು ತೆರೆಯಲು ಪಾಲಿಕೆಯ ಒಂದು ಹಾಳೆ ಕೈಯಲ್ಲಿರಬೇಕು. ಗುರುತಿನ ಚೀಟಿ, ವ್ಯಾಪಾರ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಶಿಫಾರಸು ಪತ್ರ. ಅದಿಲ್ಲದವರನ್ನು ಬ್ಯಾಂಕು ಸ್ವನಿಧಿಯ ಸಾಲಿನಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ.

ಹಾಳೆ ಇಲ್ಲದವರು ಎಲ್ಲಿಗೆ ಹೋಗುತ್ತಾರೆ ಎಂಬುದು ಬೆಂಗಳೂರಿನ ಪ್ರತಿ ಮಾರುಕಟ್ಟೆಗೂ ಗೊತ್ತು. ಬೆಳಿಗ್ಗೆ 900 ರೂಪಾಯಿ ಕೈಗಿಟ್ಟು ಸಂಜೆಗೆ 1,000 ವಸೂಲು ಮಾಡುವ ದಿನದ ಬಡ್ಡಿಯವನ ಬಳಿಗೆ. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 25 ದಿನ ಹೀಗೆ ಸಾಲ ಎತ್ತಿದರೆ ಬಡ್ಡಿಯೇ 2,500 ರೂಪಾಯಿ, ಆರು ತಿಂಗಳಿಗೆ 15,000. ಸ್ವನಿಧಿಯ ಮೊದಲ ಕಂತಿನಷ್ಟೇ ಹಣ! ಅಷ್ಟನ್ನೂ ಬಡ್ಡಿಗೇ ಸುರಿದ ಮೇಲೂ ಮಾರನೆಯ ದಿನದ ಅಕ್ಕಿ, ಉದ್ದು, ಗ್ಯಾಸಿಗೆ ಮತ್ತೆ ಅದೇ 900ಕ್ಕೆ ಕೈಚಾಚಬೇಕು. ಒಂದು ಹಾಳೆಯ ಬೆಲೆ ಇಷ್ಟು.

ಆದ್ದರಿಂದ ಮೊದಲ ಬೇಡಿಕೆ ಹಣದ್ದಲ್ಲ, ಎಣಿಕೆಯದು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕೆನ್ನುತ್ತದೆ. ಎಣಿಕೆಗೆ ಬಂದವರಿಗೆ ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ಜಾಗ ಮಾಡಿಕೊಡಬೇಕೆನ್ನುತ್ತದೆ. 2011ರ ಜನಗಣತಿಯಂತೆ ಆಗಿನ ಬಿಬಿಎಂಪಿ ವ್ಯಾಪ್ತಿಯಲ್ಲಿ ಸುಮಾರು 84 ಲಕ್ಷ ಜನರಿದ್ದರು. ಆ ಲೆಕ್ಕಕ್ಕೆ 2.1 ಲಕ್ಷ ವ್ಯಾಪಾರಿಗಳಿಗೆ ಅವಕಾಶವಿದೆ. 2017ರ ಸಮೀಕ್ಷೆಯಲ್ಲಿ ಸಿಕ್ಕವರು ಸುಮಾರು 25 ಸಾವಿರ. 2024ರ ಕೊನೆಗೆ ಶುರುವಾದ ಎಣಿಕೆಯಲ್ಲೂ ಸುಮಾರು 27 ಸಾವಿರ. ಏಳು ವರ್ಷದಲ್ಲಿ ನಗರ ಎಷ್ಟು ಬೆಳೆಯಿತೆಂದು ಹೊರವರ್ತುಲ ರಸ್ತೆಯಲ್ಲಿ ಸಂಜೆ ಆರಕ್ಕೆ ನಿಂತವರು ಬಲ್ಲರು. ಬೀದಿಬದಿಯವರು ಮಾತ್ರ ಎರಡೇ ಸಾವಿರ ಹೆಚ್ಚಿದರೆಂದರೆ ನಂಬಲಾಗದು.

ತಪ್ಪಿಹೋಗುವುದು ಹೇಗೆ? ಎಣಿಸುವವರು ಕಚೇರಿ ಸಮಯದಲ್ಲಿ, ಬೆಳಿಗ್ಗೆ ಹನ್ನೊಂದರ ಮೇಲೆ ಬಂದರೆ ಇಡ್ಲಿ ಗಾಡಿ ಮನೆ ಸೇರಿರುತ್ತದೆ, ಮೊಮೊ ಗಾಡಿ ಇನ್ನೂ ಹೊರಟಿರುವುದಿಲ್ಲ. ಕಲಬುರಗಿ, ರಾಯಚೂರಿನ ಕಡೆಯಿಂದ ಬಂದವರ ಆಧಾರ್‌ನಲ್ಲಿ ಊರಿನ ವಿಳಾಸವೇ ಇರುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ತಿರುಗುವ ಹೂವಿನವರು, ಸೊಪ್ಪಿನವರು ಯಾವ ನಕ್ಷೆಯ ಚುಕ್ಕಿಗೂ ಸಿಗುವುದಿಲ್ಲ. ಮಾರತ್ತಹಳ್ಳಿ, ಮುನ್ನೇಕೊಳಾಲ, ಪಣತ್ತೂರು, ಕುಂದಲಹಳ್ಳಿ ಭಾಗಗಳಲ್ಲಿ ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿ ಎಂದು ಮೂರು ಹೊತ್ತಿನಲ್ಲಿ ಎಣಿಕೆ ನಡೆಯಬೇಕು. ಬಿಟ್ಟುಹೋದವರು ಅರ್ಜಿ ಕೊಟ್ಟ 15 ದಿನದೊಳಗೆ ಶಿಫಾರಸು ಪತ್ರ ಕೈಸೇರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಹಳೆಯ ಪಾಲಿಕೆಯ ಪಟ್ಟಿಯಲ್ಲಿದ್ದವರ ಹೆಸರು ಹೊಸ ಪಾಲಿಕೆಯ ಕಡತಕ್ಕೆ ಒಂದೂ ಬಿಡದಂತೆ ಬರಬೇಕೆಂಬುದೂ ಈ ಬೇಡಿಕೆಯ ಭಾಗ.

ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದರಷ್ಟು ಮಹಿಳೆಯರಿರಬೇಕು, ಇವರನ್ನು ವ್ಯಾಪಾರಿಗಳೇ ಚುನಾಯಿಸಬೇಕು. ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಪೂರ್ವ ಪಾಲಿಕೆಯ ಸಮಿತಿಗೆ ಈ ಚುನಾವಣೆಯ ದಿನಾಂಕ ಗೊತ್ತುಪಡಿಸಬೇಕು.

ಅಲ್ಲಿಯವರೆಗೆ ಎತ್ತಂಗಡಿ ಬೇಡ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ತೆರವುಗೊಳಿಸಬಾರದೆಂದು ಕಾಯ್ದೆಯ 3ನೇ ಕಲಮು ಹೇಳುತ್ತದೆ. ಆಮೇಲೂ 30 ದಿನದ ನೋಟಿಸ್ ಕೊಡಬೇಕು. ಸರಕು ಜಪ್ತಿ ಮಾಡಿದರೆ ಪಟ್ಟಿ ಬರೆದು ಅದರ ಪ್ರತಿ ಕೊಡಬೇಕು. ಶುಲ್ಕ ಕಟ್ಟಿದವರಿಗೆ ಕೆಡದ ಸರಕನ್ನು ಎರಡು ಕೆಲಸದ ದಿನಗಳೊಳಗೆ, ಕೆಡುವ ಸರಕನ್ನು ಅದೇ ದಿನ ಹಿಂದಿರುಗಿಸಬೇಕು. ಒಂದು ಬುಟ್ಟಿ ಟೊಮೆಟೊ ಮೂರನೆಯ ದಿನ ಮರಳಿ ಬಂದರೆ ಏನು ಪ್ರಯೋಜನ? ಜಪ್ತಿ ಮಾಡುವ ಸಿಬ್ಬಂದಿಯ ಕೈಯಲ್ಲಿ ಅಚ್ಚು ಹಾಕಿದ, ಕನ್ನಡದ ರಸೀದಿ ಪುಸ್ತಕವಿರಲಿ.

ಪಾದಚಾರಿಗಳ ಮಾತನ್ನೂ ಇವರು ಮರೆತಿಲ್ಲ. ಫುಟ್‌ಪಾತ್ ನಡೆಯುವವರದು ಎಂಬುದರಲ್ಲಿ ಎರಡು ಮಾತಿಲ್ಲ, ಗಾಡಿಯವರ ಮಕ್ಕಳೂ ಶಾಲೆಗೆ ಅದೇ ಫುಟ್‌ಪಾತ್‌ನಲ್ಲಿ ನಡೆಯುತ್ತಾರೆ. ಪಾಲಿಕೆ ಬಿಳಿ ಗೆರೆ ಎಳೆದು ಗಾಡಿಗೆ ಸಂಖ್ಯೆ ಕೊಟ್ಟು, ನೀರು, ಕಸದ ಬುಟ್ಟಿ, ಶೌಚಾಲಯ ಒದಗಿಸಿದರೆ ಗೆರೆಯೊಳಗೆ ನಿಲ್ಲಲು ಇವರು ಸಿದ್ಧ. ಸಿಂಗಪುರ ಮಾಡಿದ್ದೂ ಅದನ್ನೇ. 1968–69ರಲ್ಲಿ ಅಲ್ಲಿನ ಸುಮಾರು 18,000 ಬೀದಿ ವ್ಯಾಪಾರಿಗಳನ್ನು ನೋಂದಾಯಿಸಿ ಪರವಾನಗಿ ಕೊಟ್ಟರು, ಆಮೇಲೆ 70ರ ದಶಕದಿಂದ ಒಬ್ಬೊಬ್ಬರನ್ನೇ ನೀರು, ಚರಂಡಿ ಇರುವ ಕೇಂದ್ರಗಳಿಗೆ ಕರೆದೊಯ್ದರು. ಮೊದಲು ಎಣಿಸಿದರು, ನಂತರ ಸರಿಸಿದರು. ನಮ್ಮ ಕಂಟೋನ್ಮೆಂಟ್ ಕಡೆಯೇ ಸಣ್ಣ ವ್ಯಾಪಾರಿಗೆ ಸೂರು ಕಟ್ಟಿದ ಹಳೆಯ ಉದಾಹರಣೆ ಇದೆ, 1927ರ ರಸೆಲ್ ಮಾರುಕಟ್ಟೆ. ಮಾರತ್ತಹಳ್ಳಿ ಬೆಳೆದಾಗ ಟೆಕ್ ಪಾರ್ಕುಗಳಿಗೆ ನಕ್ಷೆಯಲ್ಲಿ ಜಾಗ ಸಿಕ್ಕಿತು. ಅಲ್ಲಿ ದುಡಿಯುವವರಿಗೆ ಊಟ ಹಾಕುವವರಿಗೆ ಸಿಕ್ಕಿದ್ದು ಸೇತುವೆಯ ನೆರಳು.

ಇನ್ನು ತೆರಿಗೆಯ ಮಾತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ 2021–22ರಿಂದ 2024–25ರವರೆಗಿನ ಯುಪಿಐ ಜಮೆಗಳನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ನಿಯಮ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ತೆರಿಗೆಯ ನೋಟಿಸ್ ಹೋಯಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಆ ತಿಂಗಳಲ್ಲೇ ಬೆಂಗಳೂರಿನ ಅಂಗಡಿಗಳ ಮುಂದೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಚೀಟಿಗಳು ಅಂಟಿದವು. ಜುಲೈ 23ರಂದು ಮುಖ್ಯಮಂತ್ರಿಗಳು ಸಭೆ ಕರೆದು ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ವ್ಯಾಪಾರಿಗಳು ಕೊಟ್ಟಿದ್ದ 25ರ ಬಂದ್ ಕರೆ ನಿಂತಿತು.

ತೆರಿಗೆ ಕಟ್ಟುವುದಿಲ್ಲವೆಂದು ಇವರು ಹೇಳುತ್ತಿಲ್ಲ. ಒಂದೂವರೆ ಕೋಟಿಯೊಳಗಿನ ಸರಕು ವ್ಯಾಪಾರಕ್ಕೆ ಶೇ 1ರ ರಾಜಿ ತೆರಿಗೆ ಪದ್ಧತಿ ಇದೆ. ಅದನ್ನು ಮೊದಲೇ ಯಾರಾದರೂ ಕನ್ನಡದಲ್ಲಿ ಕೂತು ಹೇಳಿದ್ದರೆ ಆ ಗಾಬರಿಯೇ ಇರುತ್ತಿರಲಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸ್ವನಿಧಿ ಯೋಜನೆ ಡಿಜಿಟಲ್ ವಹಿವಾಟು ಮಾಡಿದವರಿಗೆ ಕ್ಯಾಶ್‌ಬ್ಯಾಕ್ ಕೊಟ್ಟು ಸ್ಕ್ಯಾನರ್ ಇಡಿಸಿತು. ಅದೇ ಸ್ಕ್ಯಾನರ್ ತೆರಿಗೆ ಇಲಾಖೆಗೆ ಸಾಕ್ಷಿಯಾಯಿತು. ತೆರಿಗೆಗೆ ಸಾಕ್ಷಿಯಾಗುವ ನಾಲ್ಕು ವರ್ಷದ ಜಮೆ ಸಾಲಕ್ಕೂ ಸಾಕ್ಷಿಯಾಗಬೇಡವೇ? ಯುಪಿಐ ದಾಖಲೆಯನ್ನು ವ್ಯಾಪಾರದ ಪುರಾವೆಯೆಂದು ಒಪ್ಪಿ ಪಾಲಿಕೆ ಶಿಫಾರಸು ಪತ್ರ ಕೊಡಬೇಕು. ಪ್ರತಿ ತಿಂಗಳು ವಾರ್ಡ್ ಕಚೇರಿಯಲ್ಲಿ ಬ್ಯಾಂಕ್ ಮತ್ತು ತೆರಿಗೆ ಇಲಾಖೆಯವರನ್ನು ಒಟ್ಟಿಗೆ ಕೂರಿಸಿ ಶಿಬಿರ ನಡೆಸಬೇಕು.

ಅಂಗಡಿಕಾರರ ಕಷ್ಟ ಸ್ವಲ್ಪ ಬೇರೆ. 2025ರ ಏಪ್ರಿಲ್‌ನಿಂದ ಕೇಂದ್ರದ ಹೊಸ ವ್ಯಾಖ್ಯೆಯಲ್ಲಿ 10 ಕೋಟಿ ರೂಪಾಯಿ ವಹಿವಾಟಿನವರೆಗೂ ‘ಸೂಕ್ಷ್ಮ’ ಉದ್ಯಮವೇ. ಒಂದು ಶಟರ್‌ನ ಟೈಲರ್ ಮತ್ತು ಒಂಬತ್ತು ಕೋಟಿಯ ಕಾರ್ಖಾನೆ ಒಂದೇ ಸಾಲಿನಲ್ಲಿ ನಿಂತರೆ ಬ್ಯಾಂಕಿನ ಮ್ಯಾನೇಜರ್ ಯಾರನ್ನು ಮೊದಲು ಕರೆಯುತ್ತಾರೆ? ಚಿಲ್ಲರೆ ವ್ಯಾಪಾರಿಗಳಿಗೆ 2021ರಿಂದ ಉದ್ಯಮ್ ನೋಂದಣಿ ಸಿಕ್ಕಿದೆ, ಆದರೆ ಆದ್ಯತಾ ವಲಯದ ಸಾಲಕ್ಕೆ ಮಾತ್ರ. 45 ದಿನದೊಳಗೆ ಬಾಕಿ ಪಾವತಿಸಬೇಕೆಂಬ ಕಾನೂನಿನ ರಕ್ಷಣೆ ಅವರಿಗೆ ಇಲ್ಲ. ಇದು ಪಾಲಿಕೆಯ ಅಧಿಕಾರದಲ್ಲಿಲ್ಲವೆಂದು ಮನವಿದಾರರು ಬಲ್ಲರು. ಪಾಲಿಕೆ ತನ್ನ ಶಿಫಾರಸಿನೊಂದಿಗೆ ಸರ್ಕಾರಕ್ಕೆ ಬರೆಯಲಿ ಎಂಬಷ್ಟೇ ಕೋರಿಕೆ.

ಪಾಲಿಕೆಯ ಕೈಯಲ್ಲಿರುವುದೂ ಇದೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ನೀಲಿ ಮಾರ್ಗಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2021ರ ಏಪ್ರಿಲ್‌ನಲ್ಲಿ. ಆಮೇಲೆ ಹೊರವರ್ತುಲ ರಸ್ತೆಗೆ ತಗಡಿನ ಬೇಲಿ ಬಂತು. ಜಾಗ ಹೋದವರಿಗೆ ಪರಿಹಾರದ ದಾರಿ ಇದೆ. ಜಾಗ ಉಳಿದು ಗಿರಾಕಿ ಹೋದವರಿಗೆ ಏನಿದೆ? ಗಾಡಿ ನಿಲ್ಲಿಸಲು ಜಾಗವಿಲ್ಲವೆಂದು ಗಿರಾಕಿ ಮುಂದೆ ಹೋಗುತ್ತಾನೆ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಬೇಲಿಯ ಹಿಂದೆ ಕಳೆದ ವರ್ಷಗಳ ಉದ್ದಿಮೆ ಪರವಾನಗಿ ಶುಲ್ಕವನ್ನು ಮನ್ನಾ ಮಾಡಬೇಕು. ಮಾರತ್ತಹಳ್ಳಿ ನಿಲ್ದಾಣ ತೆರೆಯುವ ಮೊದಲೇ ಅದರ ಕೆಳಗೆ ಇಲ್ಲಿನ ಹಳೆಯ ಗಾಡಿಗಳಿಗೆ ವ್ಯಾಪಾರ ವಲಯ ಗುರುತಿಸಬೇಕು. ನಿಲ್ದಾಣ ಬಂದ ಮೇಲೆ ಆ ಜಾಗಕ್ಕೆ ಬೇರೆ ಬೇಡಿಕೆದಾರರು ಹುಟ್ಟುತ್ತಾರೆ.

2022ರ ಆಗಸ್ಟ್ 30ರ ಮಳೆಗೆ ಇದೇ ರಸ್ತೆ ಮುಳುಗಿದಾಗ ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಮುಖ್ಯಮಂತ್ರಿಗಳಿಗೆ ಪತ್ರ ಬರೆಯಿತು, ದೇಶವೆಲ್ಲ ಅದನ್ನು ಓದಿತು. ಅದು ಕಂಪನಿಗಳ ಲೆಕ್ಕ. ನೆನೆದ ಹಿಟ್ಟು, ಕೆಟ್ಟ ಫ್ರಿಜ್, ಬೋಣಿಯಾಗದ ದಿನಗಳ ಲೆಕ್ಕ ಅದರಲ್ಲಿ ಇರಲಿಲ್ಲ. ಎಣಿಕೆಯಲ್ಲಿ ಹೆಸರಿಲ್ಲದವರು ನಷ್ಟದ ಪಟ್ಟಿಯಲ್ಲೂ ಇರುವುದಿಲ್ಲ.

ಈ ಬೇಡಿಕೆಗಳ ಮೇಲೆ ಸಮಿತಿಯ ಸಭೆಯೊಂದನ್ನು ಮಾರತ್ತಹಳ್ಳಿಯಲ್ಲಿಯೇ ಕರೆಯಬೇಕೆಂದು ಕಳಕಳಿಯ ವಿನಂತಿ. ಸಭೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಇಡಿ. ಬೆಳಗಿನ ಗಾಡಿಯವರು ಪಾತ್ರೆ ತೊಳೆದು ಮುಗಿಸಿರುತ್ತಾರೆ, ಸಂಜೆಯವರು ಇನ್ನೂ ಹೊರಟಿರುವುದಿಲ್ಲ. ಎಲ್ಲರೂ ಬರಬಹುದಾದ ಹೊತ್ತು ಅದೊಂದೇ.

ಇಂತಿ,
ಮಾರತ್ತಹಳ್ಳಿ ಭಾಗದ ಬೀದಿಬದಿ ವ್ಯಾಪಾರಿಗಳು ಮತ್ತು ಸಣ್ಣ ಅಂಗಡಿಕಾರರು